ತಟ್ಟೆಯ ಮೇಲಿನ ಕೈ

ರಾಚಯ್ಯನವರ ಆಶ್ರಮದಲ್ಲಿ ಊಟಕ್ಕೆ ಕೂತವರು ಅನ್ನ ಬಡಿಸುವ ಮೊದಲು ಒಂದು ಮಾತು ತೂಗಬೇಕಿತ್ತು.

ಗುರುಗಳು ಒಂದೆರಡು ವಾಕ್ಯ ಹೇಳುವರು. ಆಮೇಲೆ ಅದರ ಮೇಲೆ ಒಂದು ಮಾತು ಎತ್ತುವರು. ಆ ಮಾತು ಹೌದಾದರೆ ಶಿಷ್ಯ ತನ್ನ ಎಲೆಯ ತುದಿಗೆ ಕಡಲೆ ಕಾಳು ಇಡಬೇಕು. ಅಲ್ಲವಾದರೆ ಉದ್ದಿನ ಕಾಳು. ಹೇಳಿದಷ್ಟರಿಂದ ಹೌದೆಂದೂ ಅಲ್ಲವೆಂದೂ ಹೇಳಲು ಬಾರದಿದ್ದರೆ ಹುಣಸೆ ಬೀಜ.

ತಪ್ಪಿದವನಿಗೆ ಎಲ್ಲರಿಗಿಂತ ಕೊನೆಗೆ ಬಡಿಸುತ್ತಿದ್ದರು. ದ್ಯಾವಣ್ಣ ಬಿಸಿ ಅನ್ನ ಉಂಡು ಬಹಳ ಕಾಲವಾಗಿತ್ತು.

ಇದು ಹೊತ್ತು ಕಳೆಯುವ ಆಟವಲ್ಲ. ಹೊಳೆಯಾಚೆಯ ಪೇಟೆಯಲ್ಲಿ ವ್ಯಾಪಾರಿಗಳ ವ್ಯಾಜ್ಯ ಬಿಡಿಸಲು ಒಂದು ಕಟ್ಟೆ ಇತ್ತು. ಅಲ್ಲಿ ಕೂತು ಸಾಕ್ಷಿ ಕೇಳಿ ತೀರ್ಪು ಹೇಳುವವನನ್ನು ಮಾತುತೂಕದವನು ಎನ್ನುತ್ತಿದ್ದರು. ಆ ಜಾಗಕ್ಕೆ ವರ್ಷಕ್ಕೊಮ್ಮೆ ಪರೀಕ್ಷೆ. ಬಂದವರಿಗೆಲ್ಲ ಒಂದೇ ಕಥನ, ಅವೇ ಪ್ರಶ್ನೆ, ಇದೇ ಮೂರು ಬಗೆಯ ಕಾಳು. ಯಾರ ಮಗ, ಯಾವ ಊರು ಎಂದು ಕೇಳುವಂತಿಲ್ಲ.

ಒಬ್ಬನಿಗೆ ಮೂರು ಸಲ ಅವಕಾಶ. ದ್ಯಾವಣ್ಣ ಆಗಲೇ ಎರಡು ಸಲ ಸೋತಿದ್ದ.

ದಡ್ಡನಾಗಿ ಸೋತದ್ದಲ್ಲ. ಹೆಚ್ಚು ತಿಳಿದು ಸೋತದ್ದು.

ಮೊದಲ ಸಲ, “ವ್ಯಾಪಾರಿಯೊಬ್ಬ ಮೆಣಸು ಕೊಂಡ” ಎಂದು ಓದಿದರು. “ಮೆಣಸು ಖಾರವಾಗಿತ್ತು” ಎಂಬ ಮಾತು ಬಂದಾಗ ದ್ಯಾವಣ್ಣ ಕಡಲೆ ಹಾಕಿದ. ಎರಡನೆಯ ಸಲ, “ಆ ವರ್ಷ ಹೊಳೆ ತುಂಬಿ ಬಂತು” ಎಂದು ಓದಿದರು. “ಆ ವರ್ಷ ಪೇಟೆಯಲ್ಲಿ ಮಳೆ ಚೆನ್ನಾಗಿತ್ತು” ಎಂದಾಗ ಉದ್ದು ಹಾಕಿದ. ಹೊಳೆ ತುಂಬುವುದು ಮೇಲಿನ ಸೀಮೆಯ ಮಳೆಗೆ, ಪೇಟೆಯ ಮಳೆಗಲ್ಲ ಎಂಬುದು ಅಂಬಿಗನ ಮಗನಿಗೆ ಗೊತ್ತಿರದೆ ಇನ್ನಾರಿಗೆ ಗೊತ್ತಿರಬೇಕು?

ಎರಡೂ ಸಲ ಬೇಕಾಗಿದ್ದದ್ದು ಹುಣಸೆ ಬೀಜ.

ಮೂರನೆಯ ಸಲ ತಪ್ಪುವಂತಿರಲಿಲ್ಲ. ಕಾರಣ ಆಶ್ರಮದ ಕೆಳಗೆ, ಹೊಳೆಯ ದಂಡೆಯ ಮೇಲೆ ಕವುಚಿ ಬಿದ್ದಿತ್ತು.

ಅದು ಅವನಪ್ಪ ತಿಪ್ಪಣ್ಣನ ದೋಣಿ. ತಿಪ್ಪಣ್ಣ ಹತ್ತಿ ಸಾಗಿಸುತ್ತಿದ್ದ. ದ್ಯಾವಣ್ಣ ಚಿಕ್ಕವನಿದ್ದಾಗ ಒಂದು ದಿನ ಆ ದೋಣಿ ಒದ್ದೆ ಮೂಟೆಗಳನ್ನು ಹೊತ್ತು ದೋಣಿಗಳು ಸರಕು ಇಳಿಸುವ ಪೇಟೆಯ ಕಡವಿಗೆ ಬಂತು. ಅಂಬಿಗನ ಬಾಡಿಗೆ ಇಳಿಸುವಾಗಿನ ತೂಕದ ಮೇಲೆ. ಹತ್ತಿಗೆ ನೀರು ಕುಡಿಸಿದರೆ ತೂಕ ಏರುತ್ತದೆ. ಪೇಟೆಯಲ್ಲಿ ಬೆಳೆದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಆಗ ಸಂಗಶೆಟ್ಟರು ಮಾತುತೂಕದವರು. ಸಾಕ್ಷಿ ಕೇಳಿದರು. ತೀರ್ಪು ಹೇಳಿದರು. ತಿಪ್ಪಣ್ಣನ ದೋಣಿಗೆ ಇನ್ನು ಈ ಕಡವಿನಲ್ಲಿ ಸರಕಿಲ್ಲ.

ಅಂದಿನಿಂದ ದೋಣಿ ನೀರು ಕಂಡಿಲ್ಲ. ತಿಪ್ಪಣ್ಣ ಮಾತ್ರ ಪ್ರತಿ ಬೇಸಿಗೆಗೂ ಅದಕ್ಕೆ ಎಣ್ಣೆ ಬಳಿಯುತ್ತಿದ್ದ. ಆ ದಿನದ ಸುದ್ದಿ ಎತ್ತುತ್ತಿರಲಿಲ್ಲ. ಮಗನೂ ಕೇಳಿದವನಲ್ಲ. ಕೇಳುವುದೇನು ಬಂತು? ದ್ಯಾವಣ್ಣ ಅದೇ ದೋಣಿಯಲ್ಲಿದ್ದ. ಅಪ್ಪ ಮೋಸ ಮಾಡಿಲ್ಲ. ಅಷ್ಟೇ.

ಕಟ್ಟೆ ಹತ್ತುವುದು, ಅಪ್ಪನ ವ್ಯಾಜ್ಯ ಮತ್ತೆ ತೆಗೆಸುವುದು, ತಾನೇ ಕೂತು ತೀರ್ಪು ಹೇಳುವುದು. ಅವನು ಆಶ್ರಮಕ್ಕೆ ಬಂದದ್ದೇ ಇದಕ್ಕೆ.

ಪರೀಕ್ಷೆಯ ಹಿಂದಿನ ದಿನ ಊಟದ ಎಲೆ ಹಾಕಿದ ಮೇಲೆ ಗುರುಗಳು ಹೇಳಿದರು. “ಒಂದು ದೋಣಿಯಲ್ಲಿ ಬೆಲ್ಲ ಬಂತು. ದಂಡೆಯ ಮೇಲೆ ಇಳಿಸಿದರು. ಸಂಜೆಯವರೆಗೆ ಅಲ್ಲೇ ಇತ್ತು.”

ಸ್ವಲ್ಪ ತಡೆದು ಮಾತು ಎತ್ತಿದರು. “ಬೆಲ್ಲಕ್ಕೆ ಇರುವೆ ಮುತ್ತಿದವು.”

ದ್ಯಾವಣ್ಣನ ಎಲೆಯ ತುದಿಯಲ್ಲಿ ಕಡಲೆ ಕಾಳು ಕೂತಿತು.

ಪಕ್ಕದ ಎಲೆಯ ಪಂಪಣ್ಣ ಬಗ್ಗಿ ನೋಡಿದ. ಅವನೂ ನಾಳೆ ಪರೀಕ್ಷೆಗೆ ಕೂರುವವನು. “ಗುರುಗಳೇ, ಇವನು ಇರುವೆಗಳಿಗೆ ಮೊದಲೇ ಹೇಳಿ ಕಳಿಸಿದ್ದಾನೆ.”

ಎಲ್ಲರೂ ನಕ್ಕರು. ಗುರುಗಳು ನಗಲಿಲ್ಲ. ದ್ಯಾವಣ್ಣ ಎಲೆ ಬಿಟ್ಟು ಎದ್ದ.

“ಗುರುಗಳೇ, ಸಂಜೆಯವರೆಗೆ ಬಯಲಲ್ಲಿ ಬೆಲ್ಲ ಇಟ್ಟರೆ ಇರುವೆ ಬರಲ್ವಾ?”

“ಬರಬಹುದು.”

“ಬಂದೇ ಬರ್ತಾವೆ. ನಾನು ದಂಡೆಯ ಮೇಲೆ ಹುಟ್ಟಿದವನು. ನನಗೆ ಗೊತ್ತಿರೋದು ನಿಜ ತಾನೆ? ನಿಜಾನ ಯಾಕೆ ಬಿಡಬೇಕು? ಪರೀಕ್ಷೆ ಇರೋದು ನಿಜ ಹೇಳೋಕಾ, ಮರೆಯೋಕಾ?”

“ಕೂತ್ಕೋ. ಊಟ ಮಾಡು.”

“ಉತ್ತರ ಹೇಳಿ, ಗುರುಗಳೇ. ನಾಳೆ ತಪ್ಪಿದರೆ ನನಗೆ ಇನ್ನೊಂದು ನಾಳೆ ಇಲ್ಲ.”

ರಾಚಯ್ಯನವರು ಎದ್ದು ಉಗ್ರಾಣಕ್ಕೆ ಹೋದರು. ತಕ್ಕಡಿ ತಂದು ತೊಲೆಗೆ ತೂಗುಹಾಕಿದರು. ಪೇಟೆಗೆ ಹೋಗುವ ಶಿಷ್ಯರಿಗೆ ದಾರಿಯ ಅಕ್ಕಿ ತೂಗಿ ಕೊಡುವುದು ಆಶ್ರಮದ ಪದ್ಧತಿ.

ಒಂದು ತಟ್ಟೆಗೆ ತೂಕದ ಕಲ್ಲು ಹಾಕಿದರು. ಇನ್ನೊಂದಕ್ಕೆ ಒಂದು ಹಿಡಿ ಅಕ್ಕಿ ಹಾಕಿ, ಅದರ ಮೇಲೆ ತಮ್ಮ ಅಂಗೈ ಇಟ್ಟರು. ತಕ್ಕಡಿ ಸಮವಾಗಿ ನಿಂತಿತು.

“ತಗೋ. ನಿನ್ನ ಅಕ್ಕಿ.”

“ಇಷ್ಟೇನಾ?”

“ತಕ್ಕಡಿ ಸಮ ನಿಂತಿದೆಯಲ್ಲ.”

“ನಿಮ್ಮ ಕೈ ಅದರ ಮೇಲಿದೆಯಲ್ಲ, ಗುರುಗಳೇ.”

“ಇದೆ. ಕೈಗೆ ಭಾರ ಇಲ್ವಾ?”

“ಇದೆ.”

“ಆ ಭಾರ ಸುಳ್ಳಾ?”

ದ್ಯಾವಣ್ಣ ತಟ್ಟೆಯ ಮೇಲಿನ ಕೈಯನ್ನೇ ನೋಡಿದ.

ಗುರುಗಳು ಆ ಒಂದು ಹಿಡಿ ಅಕ್ಕಿಯನ್ನೇ ಗಂಟು ಕಟ್ಟಿ ಅವನ ಕೈಗೆ ಕೊಟ್ಟರು. ಹೆಚ್ಚಿಗೆ ಒಂದು ಕಾಳನ್ನೂ ಹಾಕಲಿಲ್ಲ. ತಕ್ಕಡಿ ಬಿಚ್ಚಿಕೊಂಡು ಒಳಗೆ ಹೋದರು.

ಬೆಳಿಗ್ಗೆ ಹೊಳೆ ದಾಟುವ ಮುಂಚೆ ದ್ಯಾವಣ್ಣ ಅಪ್ಪನ ಬಳಿ ಹೋದ. ತಿಪ್ಪಣ್ಣ ಕವುಚಿದ ದೋಣಿಯ ಹಲಗೆಗೆ ಎಣ್ಣೆಬಟ್ಟೆ ಉಜ್ಜುತ್ತಿದ್ದ.

“ಅಪ್ಪಾ, ಈ ಸಲ ತಪ್ಪಲ್ಲ.”

“ಗಾಳಿ ಎದುರಿಗಿದೆ. ಬೇಗ ಹೊರಡು.”

“ಗೆದ್ದರೆ ಮೊದಲು ನಿನ್ನ ವ್ಯಾಜ್ಯಾನೇ ತಗೋತೀನಿ.”

ತಿಪ್ಪಣ್ಣನ ಕೈ ಒಂದು ಕ್ಷಣ ನಿಂತಿತು. ಆಮೇಲೆ ಉಜ್ಜಿದ ಜಾಗವನ್ನೇ ಮತ್ತೆ ಉಜ್ಜಿತು. “ಹೊರಡು, ಹೊತ್ತಾಯ್ತು.”

ದ್ಯಾವಣ್ಣ ಇನ್ನೊಬ್ಬರ ದೋಣಿ ಹತ್ತಿ ಹೊಳೆ ದಾಟಿದ.

ಪೇಟೆಯ ಕಟ್ಟೆ ಇದ್ದ ಮಂಟಪದಲ್ಲಿ ಪರೀಕ್ಷೆಗೆ ಬಂದವರು ಸಾಲಾಗಿ ಕೂತಿದ್ದರು. ಒಬ್ಬೊಬ್ಬರ ಮುಂದೆ ಮೂರು ಮಣ್ಣಿನ ಕುಡಿಕೆ, ಪ್ರಶ್ನೆಗೊಂದು. ಕುಡಿಕೆಯ ಬಾಯಿಗೆ ಬಟ್ಟೆ ಕಟ್ಟಿ ನಡುವೆ ಸೀಳಿದ್ದರು. ಒಮ್ಮೆ ಒಳಗೆ ಬಿದ್ದ ಕಾಳು ಮತ್ತೆ ಹೊರಗೆ ಬರುವಂತಿಲ್ಲ.

ಪರೀಕ್ಷೆ ನಡೆಸುವ ಸಭೆಯ ಮುಂದೆ ಅರಗಿನ ಮುದ್ರೆ ಒತ್ತಿದ ಬೇರೆ ಮೂರು ಕುಡಿಕೆಗಳಿದ್ದವು. ಆ ವರ್ಷದ ಕಥನ ಬರೆದ ಗುರು ಸರಿಯಾದ ಕಾಳುಗಳನ್ನು ಅವುಗಳಲ್ಲಿ ಮೊದಲೇ ಹಾಕಿ ಕಳಿಸಿರುತ್ತಾನೆ. ಬರೆದವನು ಯಾರೆಂದು ಮುದ್ರೆ ಒಡೆಯುವವರೆಗೆ ಸಭೆಗೂ ತಿಳಿಯದು.

ಸಭೆಯ ಹಿರಿಯ ಪೀಠದಲ್ಲಿ ಈಗ ಸಂಗಶೆಟ್ಟರು ಕೂತಿದ್ದರು. ತಲೆ ಪೂರ್ತಿ ನರೆತಿತ್ತು. ಕಣ್ಣು ಮಾತ್ರ ಇನ್ನೂ ಮೂಟೆ ಬಿಚ್ಚುವವನ ಕಣ್ಣು.

ಕಥನ ಓದುವವನು ಎದ್ದು ನಿಂತ.

“ಒಬ್ಬ ಅಂಬಿಗ ಮೇಲಿನ ಊರಿನಲ್ಲಿ ಹತ್ತಿಯ ಮೂಟೆ ಹೇರಿಕೊಂಡ. ಹೇರುವಾಗ ಮೂಟೆಗಳು ಒಣಗಿದ್ದವು. ದಾರಿಯಲ್ಲಿ ಅವನು ದೋಣಿಯನ್ನು ಎಲ್ಲಿಯೂ ನಿಲ್ಲಿಸಲಿಲ್ಲ. ಕಡವಿಗೆ ಬಂದಾಗ ಮೂಟೆಗಳು ಒದ್ದೆಯಾಗಿದ್ದವು. ದೋಣಿಯಲ್ಲಿ ನೀರು ಮೊಗೆಯುವ ಸೋರೆಬುರುಡೆ ಇತ್ತು.”

ಮಂಟಪದಲ್ಲಿ ಕೂತಿದ್ದವರ ತಲೆಗಳು ಒಂದೊಂದಾಗಿ ದ್ಯಾವಣ್ಣನ ಕಡೆ ತಿರುಗಿದವು.

ಈ ಮಾತುಗಳನ್ನು ಅವನು ಮೊದಲೂ ಕೇಳಿದ್ದ. ಇದೇ ಮಂಟಪದಲ್ಲಿ, ಅಪ್ಪನ ಪಂಚೆಯ ಅಂಚು ಹಿಡಿದು ನಿಂತು. ಅಂದು ಸಾಕ್ಷಿಗಳು ಹೇಳಿದ್ದು ಇಷ್ಟೇ. ಒಂದು ಮಾತು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಸಂಗಶೆಟ್ಟರು ಓದುವವನನ್ನು ಒಮ್ಮೆ ದಿಟ್ಟಿಸಿದರು. ತಡೆಯಲಿಲ್ಲ. ತಡೆಯುವ ಹಕ್ಕು ಅವರಿಗೂ ಇರಲಿಲ್ಲ.

“ಮೊದಲ ಮಾತು. ಮೂಟೆಗಳು ದಾರಿಯಲ್ಲಿ ಒದ್ದೆಯಾದವು.”

ಹೊರಡುವಾಗ ಒಣಗಿದ್ದವು, ಮುಟ್ಟುವಾಗ ಒದ್ದೆ. ದ್ಯಾವಣ್ಣ ಕಡಲೆ ಹಾಕಿದ.

“ಎರಡನೆಯ ಮಾತು. ಅಂಬಿಗ ನಡುವೆ ಒಂದು ಊರಿನಲ್ಲಿ ದೋಣಿ ಕಟ್ಟಿ ಉಂಡ.”

ಎಲ್ಲಿಯೂ ನಿಲ್ಲಿಸಲಿಲ್ಲ. ಉದ್ದು ಹಾಕಿದ.

“ಮೂರನೆಯ ಮಾತು. ಅಂಬಿಗ ಮೂಟೆಗಳ ಮೇಲೆ ನೀರು ಹಾಕಿದ.”

ಸಾಲಿನ ಆ ತುದಿಯಿಂದ ಈ ತುದಿಗೆ ಕಾಳು ಬೀಳುವ ಸದ್ದು ಬಂತು. ಯಾರೂ ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ಪೇಟೆಯಲ್ಲಿ ಬೆಳೆದವರು. ಹತ್ತಿ ಗೊತ್ತು, ಅಂಬಿಗರು ಗೊತ್ತು.

ದ್ಯಾವಣ್ಣನ ಕೈ ತಾನಾಗಿಯೇ ಉದ್ದಿನ ಕಾಳು ಎತ್ತಿಕೊಂಡಿತು.

ಹಾಕಿಲ್ಲ. ನನ್ನಪ್ಪ ಹಾಕಿಲ್ಲ. ಅದನ್ನು ಹೇಳಲೆಂದೇ ಇಷ್ಟು ವರ್ಷ ತಣ್ಣಗಿನ ಅನ್ನ ಉಂಡದ್ದು. ಈಗ ಇದೇ ಜನರ ಮುಂದೆ, ಹೆತ್ತಪ್ಪನ ಬಗ್ಗೆ, ಹೇಳಲಾಗದು ಎನ್ನಬೇಕೆ? ಗೊತ್ತಿದ್ದೂ?

ಕಾಳು ಹಿಡಿದ ಬೆರಳು ಬಟ್ಟೆಯ ಸೀಳಿನ ತನಕ ಹೋಯಿತು. ಬೆರಳು ಬೆವೆತಿತ್ತು. ಕಾಳು ಅಂಟಿಕೊಂಡಿತು.

ತಟ್ಟೆಯ ಮೇಲಿನ ಕೈ ಅವನಿಗೆ ಕಂಡಿತು. ಆ ಕೈ ಎತ್ತಿದರೆ ಕೆಳಗೆ ಉಳಿಯುವುದೆಷ್ಟು?

ಅವನು ಮೊದಲ ಸಲ ಎತ್ತಿ ನೋಡಿದ.

ಅಂದು ಅವನು ಮೂಟೆಗಳ ನಡುವೆ ನಿದ್ದೆ ಹೋಗಿದ್ದ. ಎಚ್ಚರವಾದಾಗ ಬೆನ್ನು ಒದ್ದೆಯಾಗಿತ್ತು. ಅಪ್ಪ ಬಗ್ಗಿ ನಿಂತಿದ್ದ. ಕೈಯಲ್ಲಿ ಸೋರೆಬುರುಡೆ. ಬುರುಡೆಯಿಂದ ನೀರು ಬೀಳುತ್ತಿತ್ತು.

ಎಲ್ಲಿಗೆ?

ಹೊಳೆಗೆ. ದೋಣಿ ಸೋರಿತ್ತು, ಅಪ್ಪ ನೀರನ್ನು ಹೊರಗೆ ಚೆಲ್ಲುತ್ತಿದ್ದ. ಇಷ್ಟು ವರ್ಷ ಹಾಗೇ ಅಂದುಕೊಂಡಿದ್ದ. ಈಗ ಎಷ್ಟು ಸಲ ಹಿಂತಿರುಗಿ ನೋಡಿದರೂ ಬುರುಡೆ ಕಂಡಿತು, ನೀರು ಕಂಡಿತು. ನೀರು ಬಿದ್ದ ಜಾಗ ಕಾಣಲಿಲ್ಲ.

“ದ್ಯಾವಣ್ಣ,” ಎಂದ ಓದುವವನು. “ನಿನ್ನದೊಂದೇ ಬಾಕಿ.”

ಅವನು ಉದ್ದಿನ ಕಾಳನ್ನು ಕೆಳಗಿಟ್ಟ. ಹುಣಸೆ ಬೀಜ ಎತ್ತಿ ಹಾಕಿದ.

ದಪ್ಪ ಬೀಜ. ಬಿದ್ದ ಸದ್ದು ಮಂಟಪಕ್ಕೆಲ್ಲ ಕೇಳಿಸಿತು. ಹಿಂದೆ ಯಾರೋ ಪಿಸುಗುಟ್ಟಿದರು. “ಹೆತ್ತ ಅಪ್ಪನ ಪರವಾಗಿ ಒಂದು ಕಾಳು ಹಾಕಲಿಲ್ಲ ನೋಡು.”

ಮುದ್ರೆ ಒಡೆದರು. ಮೊದಲ ಕುಡಿಕೆಯಲ್ಲಿ ಕಡಲೆ. ಎರಡನೆಯದರಲ್ಲಿ ಉದ್ದು. ಮೂರನೆಯದನ್ನು ಸಂಗಶೆಟ್ಟರು ತಾವೇ ಅಂಗೈಗೆ ಕವುಚಿಕೊಂಡರು. ಹುಣಸೆ ಬೀಜ.

ಅವರು ಅದನ್ನು ಬೇಗ ಕೆಳಗಿಡಲಿಲ್ಲ.

ಸಾಲಿನವರ ಕುಡಿಕೆಗಳನ್ನು ಒಡೆಯುತ್ತ ಬಂದರು. ಮೂರನೆಯ ಕುಡಿಕೆಯಲ್ಲಿ ಕಡಲೆ. ಮತ್ತೆ ಕಡಲೆ. ಪಂಪಣ್ಣನದರಲ್ಲೂ ಕಡಲೆ. ದ್ಯಾವಣ್ಣನದು ಒಡೆದಾಗ ಬೀಜ ಉರುಳಿ ಶೆಟ್ಟರ ಪಾದದ ಹತ್ತಿರ ನಿಂತಿತು.

“ಈ ಕಥನ ಬರೆದವರು ಯಾರು?” ಎಂದರು ಶೆಟ್ಟರು.

ಓದುವವನು ಮುದ್ರೆಯ ಚೂರು ಜೋಡಿಸಿ ನೋಡಿದ. “ಹೊಳೆಯಾಚೆಯ ರಾಚಯ್ಯನವರು.”

ದ್ಯಾವಣ್ಣ ತಲೆ ಎತ್ತಿದ.

“ಹಾಗೆ ಬಾ ದಾರಿಗೆ,” ಎಂದರು ಶೆಟ್ಟರು. “ಗುರು ಬರೆದದ್ದು, ಶಿಷ್ಯ ಹಾಕಿದ್ದು. ಮನೆಯಲ್ಲೇ ಹೇಳಿಕೊಟ್ಟು ಕಳಿಸಿದ್ದಾರೆ.”

ಗುಜುಗುಜು ಎದ್ದಿತು. ಸಾಲಿನಿಂದ ಪಂಪಣ್ಣ ಎದ್ದು ನಿಂತ. ಸೋತ ಮುಖ ಇನ್ನೂ ಕೆಂಪಗಿತ್ತು.

“ನಾನೂ ಅವರ ಶಿಷ್ಯನೇ, ಶೆಟ್ಟರೇ. ನನಗೆ ಹೇಳಿಕೊಟ್ಟಿದ್ದು ಏನು ಅಂತ ನನ್ನ ಕುಡಿಕೆ ನೋಡಿದರೆ ಗೊತ್ತಾಗುತ್ತೆ.”

ಒಂದಿಬ್ಬರು ನಕ್ಕರು. ಗುಜುಗುಜು ತಗ್ಗಿತು.

ಶೆಟ್ಟರು ದ್ಯಾವಣ್ಣನ ಕಡೆ ತಿರುಗಿದರು. “ಅಂಬಿಗ ನೀರು ಹಾಕಿದ ಅಂತ ಇಡೀ ಪೇಟೆಗೆ ಗೊತ್ತು.”

“ಓದಿದ್ದರಲ್ಲಿ ಇದೆಯಾ, ಶೆಟ್ಟರೇ?”

“ಹತ್ತಿ ತಾನಾಗಿ ಎದ್ದು ನೀರು ಕುಡಿದು ಬಂತಾ?”

“ಅದೂ ಓದಿದ್ದರಲ್ಲಿ ಇಲ್ಲ.”

“ಬುರುಡೆ ಇತ್ತಲ್ಲಪ್ಪ, ದೋಣಿಯಲ್ಲಿ.”

“ಬುರುಡೆ ಇತ್ತು. ಅಷ್ಟು ಇದೆ.”

ಶೆಟ್ಟರು ಸ್ವಲ್ಪ ಮುಂದಕ್ಕೆ ಬಾಗಿದರು. ದನಿ ಮೆತ್ತಗಾಯಿತು. ಕೊಳ್ಳುವವನ ಕೈಲಿ ದರ ಹೇಳಿಸುವವರು ಹೀಗೇ ಮೆತ್ತಗಾಗುತ್ತಾರೆ.

“ಸರಿ. ನೀನು ಆ ದೋಣಿಯಲ್ಲಿದ್ದೆ. ಎಲ್ಲರೆದುರು ಕೇಳ್ತಾ ಇದ್ದೀನಿ. ನಿನ್ನಪ್ಪ ಹಾಕಿದನಾ, ಇಲ್ವಾ? ಇಲ್ಲ ಅಂತ ಒಂದು ಮಾತು ಹೇಳು, ಕೇಳಿಬಿಡೋಣ.”

ಇಷ್ಟು ವರ್ಷ ದ್ಯಾವಣ್ಣ ಕಾದದ್ದು ಈ ಪ್ರಶ್ನೆಗೇ. ಉತ್ತರ ನಾಲಗೆಯ ತುದಿಯಲ್ಲೇ ಇತ್ತು, ಹಳೆಯದು, ಉಜ್ಜಿ ಉಜ್ಜಿ ನುಣ್ಣಗಾದದ್ದು.

ಅವನು ಅದನ್ನು ನುಂಗಿಕೊಂಡ.

“ಇವತ್ತು ನನ್ನ ಕರೆದದ್ದು ತೂಗೋಕೆ, ಶೆಟ್ಟರೇ. ಸಾಕ್ಷಿಗೆ ಕರೆದ ದಿನ ಬಂದು ಸಾಕ್ಷಿ ಹೇಳ್ತೀನಿ.”

“ಕರೆದರೆ ತೀರ್ಪು ಹೇಳೋರು ಯಾರು? ಇವತ್ತಿಂದ ಕಟ್ಟೆ ನಿಂದೇ ಅಲ್ವಾ?”

“ಆ ದಿನ ನಂದಲ್ಲ. ಆ ದೋಣಿಯಲ್ಲಿದ್ದವನು ಕಟ್ಟೆ ಮೇಲೆ ಕೂರಬಾರದು. ಬೇರೆಯವರು ಕೂರಲಿ. ನಾನು ಕೆಳಗೆ ನಿಲ್ತೀನಿ.”

ಹೇಳಿದ ಮೇಲೆ ಅವನಿಗೇ ತಿಳಿಯಿತು, ತಾನು ಯಾವುದಕ್ಕಾಗಿ ಇಲ್ಲಿಯವರೆಗೆ ಬಂದಿದ್ದೆನೋ ಅದನ್ನು ಈಗಷ್ಟೇ ಕೈಯಾರೆ ಬಿಟ್ಟುಕೊಟ್ಟೆ ಎಂದು.

ಸಂಗಶೆಟ್ಟರು ಕೆಟ್ಟವರಲ್ಲ. ಲಂಚ ತಿಂದವರಲ್ಲ, ಮುಖ ನೋಡಿ ಮಣೆ ಹಾಕಿದವರಲ್ಲ. ಮೂಟೆ ಬಿಚ್ಚುವ ಮೊದಲೇ ಒಳಗಿನ ಸರಕು ಗೊತ್ತಿದೆ ಅಂದುಕೊಂಡವರು, ಅಷ್ಟೇ. ಅವರು ಅಂಗೈಯ ಹುಣಸೆ ಬೀಜವನ್ನು ಹೆಬ್ಬೆರಳಿಂದ ತಿರುಗಿಸಿ ತಿರುಗಿಸಿ ನೋಡಿದರು.

“ಅವತ್ತೂ ಇಷ್ಟೇ ಮಾತು ಹೇಳಿದ್ದರು,” ಎಂದರು. ಯಾರಿಗೆ ಹೇಳಿದರೋ. “ಇಷ್ಟೇ ಮಾತಿನ ಮೇಲೆ ನಾನು...”

ಮುಗಿಸಲಿಲ್ಲ. ಬೀಜವನ್ನು ಸೊಂಟದ ಚೀಲಕ್ಕೆ ಸೇರಿಸಿದರು.

“ಸೋಮವಾರ ತಿಪ್ಪಣ್ಣನನ್ನು ಕರೆಸಿ. ವ್ಯಾಜ್ಯ ಮತ್ತೆ ಕೇಳೋಣ. ಕೆಳ ಪೇಟೆಯಿಂದ ಮಾತುತೂಕದವರು ಬಂದು ಕೂರಲಿ. ನಾನು ಕೂರಲ್ಲ.”

ದ್ಯಾವಣ್ಣ ಹೊಳೆ ದಾಟಿ ಬಂದಾಗ ಬಿಸಿಲು ಇನ್ನೂ ಇತ್ತು. ದೋಣಿಯ ಪಕ್ಕ ತಿಪ್ಪಣ್ಣ ಕೂತಿದ್ದ. ಎಣ್ಣೆಬಟ್ಟೆ ಒಣಗಿ ಹಲಗೆಯ ಮೇಲೆ ಬಿದ್ದಿತ್ತು.

“ಸೋಮವಾರ ಕರೆದಿದ್ದಾರೆ, ಅಪ್ಪಾ.”

“ಯಾರು ಕೂರ್ತಾರೆ? ನೀನಾ?”

“ನಾನಲ್ಲ. ನಾನು ಸಾಕ್ಷಿಗೆ.”

ತಿಪ್ಪಣ್ಣ ಮಗನ ಮುಖ ನೋಡಿದ. ಮಗ ಅಪ್ಪನ ಕೈ ನೋಡಿದ. ಕೇಳಬೇಕಾದ ಮಾತು ಇಬ್ಬರ ನಡುವೆ ಕವುಚಿಕೊಂಡೇ ಇತ್ತು. ತಿಪ್ಪಣ್ಣ ಎಣ್ಣೆಯ ಕುಡಿಕೆ ಎತ್ತಿಕೊಂಡು ದೋಣಿಯ ಆಚೆ ಬದಿಗೆ ಹೋದ.

ರಾಚಯ್ಯನವರು ಹೊಳೆಯ ಮೆಟ್ಟಿಲ ಮೇಲೆ ಕೂತು ತಕ್ಕಡಿಯ ತಟ್ಟೆಗಳನ್ನು ಹುಣಸೆಹಣ್ಣು ಹಚ್ಚಿ ತೊಳೆಯುತ್ತಿದ್ದರು.

“ನೀವೇ ಬರೆದದ್ದು,” ಎಂದ ದ್ಯಾವಣ್ಣ. ನಿಂತೇ ಇದ್ದ.

“ಹೌದು.”

“ನಾನು ಉದ್ದು ಹಾಕಿದ್ದರೆ ಎಲ್ಲ ಅಲ್ಲಿಗೆ ಮುಗೀತಿತ್ತು. ಅಪ್ಪನ ದೋಣಿ ಅಲ್ಲೇ ಕೊಳೀತಿತ್ತು.”

“ಹೌದು.”

“ಅಷ್ಟೊಂದು ನಂಬಿಕೆ ಇತ್ತಾ ನನ್ನ ಮೇಲೆ?”

“ಇರಲಿಲ್ಲ.”

“ಮತ್ತೆ?”

“ತನ್ನ ದೋಣಿಯ ಮಾತು ಬಂದಾಗ ತಟ್ಟೆಯಿಂದ ಕೈ ಎತ್ತದವನು ಕಟ್ಟೆ ಮೇಲೆ ಕೂತು ಎಷ್ಟು ಜನರ ದೋಣಿ ಕವುಚ್ತಾನೆ ಅಂತ ಯೋಚನೆ ಮಾಡಿದೆ. ನೀನು ಸೋತರೂ ಆಶ್ರಮಕ್ಕೆ ನಷ್ಟ ಇರಲಿಲ್ಲ, ಪೇಟೆಗೂ ಇರಲಿಲ್ಲ.”

ದ್ಯಾವಣ್ಣನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಕೆಳಗೆ ದಂಡೆಯಲ್ಲಿ ಎಣ್ಣೆಬಟ್ಟೆ ಹಲಗೆಗೆ ಉಜ್ಜುವ ಸದ್ದು ಮತ್ತೆ ಶುರುವಾಯಿತು.

“ಗುರುಗಳೇ, ಒಂದು ಕೇಳ್ತೀನಿ. ಮುಚ್ಚುಮರೆ ಇಲ್ಲದೆ ಹೇಳಿ. ಅಪ್ಪ ನೀರು ಹಾಕಿದ್ದ ಅಂತೀರಾ, ಇಲ್ಲ ಅಂತೀರಾ?”

ರಾಚಯ್ಯನವರು ತೊಳೆದ ತಟ್ಟೆಯನ್ನು ಕವುಚಿಟ್ಟರು. ಕೈ ಒರೆಸಿಕೊಂಡರು. ಪಕ್ಕಕ್ಕೆ ಸರಿದು ಮೆಟ್ಟಿಲ ಮೇಲೆ ಜಾಗ ಮಾಡಿದರು.

“ನೀನು ನನ್ನ ಹತ್ತಿರ ಇಷ್ಟು ವರ್ಷ ಇದ್ದೆ. ಅಪ್ಪ ಎಂಥವನು ಅಂತ ಹೇಳಿದೆ. ಶೆಟ್ಟರು ಎಂಥವರು ಅಂತ ಹೇಳಿದೆ. ಆ ದಿನ ನೀನು ಏನು ಕಂಡೆ ಅನ್ನೋದನ್ನ ಒಂದು ಸಲವೂ ಹೇಳಲಿಲ್ಲ. ಕೂತ್ಕೋ. ಹೇಳು.”